ಮೂರನೆಯ ಆಂಪ್ಲಿಫೈಯರ್

ಕಾರಿಗೆ ದುಬಾರಿ ಆಂಪ್ಲಿಫೈಯರ್ ಹಾಕಿಸಬಹುದೇ, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂದು ಕೇಳಲು ಆದೋನಿಯಲ್ಲಿ ಜನ ನನ್ನ ಹತ್ತಿರ ಬರುತ್ತಾರೆ. ನಾನು ಎಂಜಿನಿಯರ್ ಅಲ್ಲ, ಅಂಗಡಿಯವಳೂ ಅಲ್ಲ. ಹತ್ತಿ ವ್ಯಾಪಾರದವರ ಮನೆಯಲ್ಲಿ ಹುಟ್ಟಿ, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯವರ ಮನೆಗೆ ಸೊಸೆಯಾಗಿ ಬಂದವಳು. ಆದರೆ ನಮ್ಮ ಕಾರಿಗೆ ಒಂದಾದ ಮೇಲೊಂದು ಮೂರು ಆಂಪ್ಲಿಫೈಯರ್ ಬಂದವು, ಮೂರರ ಸದ್ದನ್ನೂ ಪಕ್ಕದ ಸೀಟಿನಲ್ಲಿ ಕೂತು ಸಹಿಸಿದವಳು ನಾನು. ಅನುಭವವೇ ಅರ್ಹತೆಯಾದರೆ ನನ್ನಷ್ಟು ಅರ್ಹರು ಈ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ.

ಬಂದವರಿಗೆ ನಾನು ಹೇಳುವುದು ಇಷ್ಟು. ಬೆಳಿಗ್ಗೆ ಸುದ್ದಿ, ಸಂಜೆ ನಾಲ್ಕು ಹಾಡು ಕೇಳುವವರಿಗೆ ಕಂಪನಿಯವರು ಕೂಡಿಸಿ ಕೊಟ್ಟ ಸೆಟ್ಟೇ ಸಾಕು. ಅದು ಸಾಲದಿದ್ದರೆ ಮೊದಲು ಸ್ಪೀಕರ್ ಬದಲಿಸಿ, ಬಾಗಿಲೊಳಗೆ ಹೊರಗಿನ ಸದ್ದು ತಡೆಯುವ ಹಾಳೆ ಅಂಟಿಸಿ, ಆಮೇಲೆ ಒಂದು ಸಾಧಾರಣ ಆಂಪ್ಲಿಫೈಯರ್ ಹಾಕಿಸಿ. ಸೀಟಿನ ಕೆಳಗೆ ಕೂರುವ ಲೋಹದ ಪೆಟ್ಟಿಗೆ ಅದು. ಸೆಟ್ಟಿನ ಮೆಲುದನಿಗೆ ಬಲ ಕೊಟ್ಟು ಸ್ಪೀಕರಿಗೆ ಕಳಿಸುತ್ತದೆ, ಅಷ್ಟೇ. ಅದಕ್ಕಿಂತ ಮೇಲಿನ ದರ್ಜೆಯದೆಲ್ಲ ನಿಂತ ಕಾರಿನಲ್ಲಿ ಸಿಗುವ ಸುಖ. ಪತ್ತಿಕೊಂಡದ ರಸ್ತೆಗೆ ಬಿದ್ದರೆ ಅರ್ಧ ಸುಖವನ್ನು ಟೈರಿನ ಸದ್ದು ನುಂಗುತ್ತದೆ, ಉಳಿದರ್ಧವನ್ನು ಎದುರು ಬರುವ ಲಾರಿಯ ಹಾರ್ನು. ಇಷ್ಟು ಹೇಳಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಮತ್ತ ನೀವ್ಯಾಕ್ರಿ ಮೂರು ಹಾಕಿಸಿದ್ರಿ?"

ಹಾಕಿಸಿದ್ದು ನಾನಲ್ಲ, ನಮ್ಮ ಯಜಮಾನರು. ಹೊಸ ಕಾರು ಬಂದ ತಿಂಗಳೊಪ್ಪತ್ತಿನಲ್ಲೇ ಅವರ ತಕರಾರು ಶುರುವಾಯಿತು. ಅವರು ಕೇಳುವುದು ಹೆಚ್ಚಾಗಿ ವಚನಗಳು, ಬಿಟ್ಟರೆ ಹಳೆಯ ತೆಲುಗು ಹಾಡುಗಳು. "ತಬಲಾ ಗುಂಯ್ ಅಂತೈತಿ, ಮಾತು ಬಿಡಿಸಿ ಬರಂಗಿಲ್ಲ. ಬಾಯಾಗ ಮುದ್ದಿ ಇಟ್ಟಕೊಂಡು ಹಾಡಿದಂಗ ಐತಿ," ಎನ್ನುವರು. ನನಗೆ ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು. ಹಾಗೆಂದರೆ, "ನಿನಗೇನು ಗೊತ್ತಾಕೈತಿ, ನೀ ಕುಕ್ಕರ್ ಸೀಟಿ ಕೇಳಾಕಿ," ಎನ್ನುವರು. ಕುಕ್ಕರಿನ ಸೀಟಿಯನ್ನು ಇವರು ಎಂದಾದರೂ ಗಮನಿಸಿದ್ದರೆ ಆಗಲೇ ಎಷ್ಟೋ ತೊಂದರೆ ತಪ್ಪುತ್ತಿತ್ತು.

ಬಳ್ಳಾರಿಯಲ್ಲಿ ಒಂದು ಕಾರ್ ಆಡಿಯೊ ಅಂಗಡಿ. ಅದರ ಮಾಲೀಕ ಮಾತಿನಲ್ಲಿ ಬಲು ನಯ. ಮೊದಲು ಸ್ಪೀಕರ್ ಬದಲಿಸಿದ, ಆಮೇಲೆ ಒಂದು ಆಂಪ್ಲಿಫೈಯರ್ ಕೂಡಿಸಿದ. ಯಜಮಾನರು ಸ್ಟಿಯರಿಂಗ್ ಹಿಂದೆ ಕಣ್ಣು ಮುಚ್ಚಿ ಕೂತು, "ಸಣ್ಣ ದನಿ, ಆ ಟ್ರೆಬಲ್ಲು, ಇನ್ನಷ್ಟು ಏರಸ್ರಿ," ಎಂದರು. ಅವನು ಏರಿಸಿದ. "ಇನ್ನಷ್ಟು," ಎಂದರು. ಹಿಂದೆ ಕೂತಿದ್ದ ನನ್ನ ಹಲ್ಲು ಜುಮ್ಮೆನ್ನತೊಡಗಿತ್ತು. ಇಷ್ಟು ಕೊಟ್ಟರೂ ಕೊರತೆ ಹುಡುಕುವ ಈ ಗಿರಾಕಿ ಸಾಮಾನ್ಯನಲ್ಲ ಎಂದು ಮಾಲೀಕನಿಗೆ ಅನಿಸಿರಬೇಕು. "ಕ್ಯಾ ಕಾನ್ ಹೈ ಸೇಟ್ ಆಪ್‌ಕಾ! ಇಂಥಾ ಕಿವಿ ನಾನು ನೋಡೇ ಇಲ್ರಿ," ಎಂದು ಕೈಮುಗಿದ. ವರ್ಷ ತುಂಬುವುದರೊಳಗೆ ಅದನ್ನು ಬಿಚ್ಚಿ, ಅದಕ್ಕಿಂತ ದುಬಾರಿಯದನ್ನು ಕೂಡಿಸಿದ. ಆ ಎರಡನೆಯದರ ಬೆಲೆಗೆ ಒಂದು ಒಳ್ಳೆಯ ಸ್ಕೂಟರ್ ಬರುತ್ತಿತ್ತು.

ಅಂಗಡಿಯವನ ಹೊಗಳಿಕೆ ನಮಗಿಂತ ಮೊದಲೇ ಊರು ಸೇರಿತು. ಹತ್ತಿ ಮಾರ್ಕೆಟ್ಟಿನಲ್ಲಿ ಯಜಮಾನರಿಗೆ ಹೊಸ ಕೀರ್ತಿ ಬಂತು. ಹೊಸ ಕಾರು ಕೊಂಡ ವ್ಯಾಪಾರಿಗಳು ಭಾನುವಾರ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, "ಅಣ್ಣಾ, ಒಂದೀಟು ಕೇಳಿ ಚೆಪ್ಪಂಡಿ, ಹೆಂಗೈತಿ ಹೇಳ್ರಿ," ಎನ್ನುವರು. ಇವರು ಗಂಭೀರವಾಗಿ ಒಳಗೆ ಕೂತು, "ಮಾತು ಬಿಡಿಸಿ ಬರಂಗಿಲ್ಲ," ಎಂದು ತೀರ್ಪು ಕೊಡುವರು. ಯಾವ ಕಾರಿಗೂ ಅದೇ ತೀರ್ಪು. ನನಗೆ ನಗು ಬರುತ್ತಿತ್ತು, ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಇಲ್ಲಿ ನಮ್ಮ ಫ್ಯಾಕ್ಟರಿಯ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರಗಳು ಸಾಲಾಗಿ ಓಡುವಾಗ ಆ ಶೆಡ್ಡಿನಲ್ಲಿ ಪಕ್ಕದವರ ಕೂಗೂ ಕೇಳಿಸುವುದಿಲ್ಲ. ಅದಕ್ಕೆ ಅಲ್ಲಿ ಕೈಯೇ ಬಾಯಿ. ಎರಡು ಮಣಿಕಟ್ಟು ಅಡ್ಡ ಹಿಡಿದರೆ ಯಂತ್ರ ನಿಲ್ಲಿಸು ಎಂದು. ಅಂಗೈ ಮಗುಚಿದರೆ ತೂಕ ಮುಗಿಯಿತು ಎಂದು. ಉಳಿದದ್ದನ್ನು ಎದುರಿನವರ ಮುಖ ನೋಡಿ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಯಜಮಾನರು ಮೀಸೆ ಮೂಡುವ ಮೊದಲಿನಿಂದ ಆ ಶೆಡ್ಡಿನಲ್ಲೇ ಬೆಳೆದವರು. ಆ ಅಭ್ಯಾಸ ಮನೆಗೂ ಬಂದಿತ್ತು. ಅನ್ನ ಸಾಕು ಎನ್ನಲು ಕೈ, ಮಜ್ಜಿಗೆ ಬೇಕು ಎನ್ನಲು ಕಣ್ಣು. ನಾನು ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ ಮೊದಲ ಪಾಠವೇ ಅದು: "ನಮ್ಮ ಮನ್ಯಾಗ ಬೆನ್ನಿಗೆ ಮಾತಾಡಬಾರದವ್ವಾ. ಮುಂದ ನಿಂತು, ಗಟ್ಟಿ ಮಾತಾಡಬೇಕು." ನನ್ನ ತವರಿನವರು ಬಂದರೆ, ಈ ಮನೆಯಲ್ಲಿ ಯಾವಾಗಲೂ ಜಗಳವೇ ಎಂದುಕೊಂಡು ಬೇಗ ಹೊರಡುತ್ತಿದ್ದರು.

ನಮಗೆ ಒಬ್ಬಳೇ ಮಗಳು. ಅವಳು ಪೆದ್ದಕಡುಬೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆ ನೌಕರಿಗೆ ಅವಳು ಮಾಡಿದ ಓದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಪರೀಕ್ಷೆಯಲ್ಲಿ ತಪ್ಪಿದಾಗ ಅವಳು ಅಳಲಿಲ್ಲ, ಮರುದಿನವೇ ಮತ್ತೆ ಪುಸ್ತಕ ಹಿಡಿದಳು. ಅಂಥವಳಿಗೆ ಎಮ್ಮಿಗನೂರಿನ ಒಂದು ದೊಡ್ಡ ಹತ್ತಿ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನೇ. ಆದರೆ ಹೆಣ್ಣು ನೋಡಲು ಬಂದ ದಿನ ಅವನ ತಾಯಿ ಅಡುಗೆಮನೆಗೆ ಬಂದು ಮೆಲ್ಲಗೆ, "ನಮ್ಮನ್ಯಾಗ ಹೆಣ್ಣಮಕ್ಕಳು ದುಡಿಯೂದು ಇಲ್ರಿ. ನೌಕರಿ ಬಿಡಸಾಕಬೇಕು," ಎಂದು ಹೇಳಿ ಹೋದರು. ಮಗಳಿಗೂ ಅದು ಕೇಳಿಸಿತು. ಪಡಸಾಲೆಯಲ್ಲಿ ಯಜಮಾನರು ಹುಡುಗನ ತಂದೆಯ ಮುಖ ನೋಡಿ ನಗುತ್ತಿದ್ದರು. ಇಬ್ಬರೂ ಹಳೆಯ ವ್ಯವಹಾರಸ್ಥರು, ಬೀಗರಾಗುವುದು ಇಬ್ಬರಿಗೂ ಖುಷಿಯ ಸಂಗತಿ.

ಅದಾದ ಮೂರ್ನಾಲ್ಕು ದಿನಕ್ಕೆ ಪತ್ತಿಕೊಂಡದಲ್ಲಿ ಒಬ್ಬ ನೆಂಟರ ಮನೆಯ ಗೃಹಪ್ರವೇಶಕ್ಕೆ ಮೂವರೂ ಹೋಗಿದ್ದೆವು. ಮಧ್ಯಾಹ್ನ ವಾಪಸು ಬರುವಾಗ ಇವರು ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಮಗಳು. ಸೆಟ್ಟಿನಲ್ಲಿ ವಚನ ಬರುತ್ತಿತ್ತು, ಜೋರಾಗೇನಲ್ಲ. ಮಗಳು ಇದ್ದಕ್ಕಿದ್ದಂತೆ ಮಾತಾಡಿದಳು.

"ಅಪ್ಪಾ, ನನಗ ಈ ಸಂಬಂಧ ಬ್ಯಾಡ. ನಾ ನೌಕರಿ ಬಿಡಾಕಿ ಅಲ್ಲ. ನೀ ಹೂಂ ಅಂದಬಿಟ್ರ ನನಗ ಬ್ಯಾರೆ ದಾರಿ ಇಲ್ಲ. ಅದಕ್ಕ ಈಗ ಹೇಳತೀನಿ."

ನಮ್ಮ ಮನೆತನದಲ್ಲಿ ಯಾವ ಹೆಣ್ಣುಮಗಳೂ ತಂದೆಗೆ ಹೀಗೆ ಹೇಳಿದ್ದನ್ನು ನಾನು ಕಂಡಿಲ್ಲ. ಯಜಮಾನರು ರಸ್ತೆ ನೋಡುತ್ತಲೇ ಇದ್ದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಎಡಗೈ ಚಾಚಿ ಸೆಟ್ಟಿನ ದನಿ ಏರಿಸಿದರು.

ಹತ್ತಿ ವ್ಯಾಪಾರದಲ್ಲಿ ಇದಕ್ಕೆ ಒಂದೇ ಅರ್ಥ. ದಲ್ಲಾಳಿ ಬಂದು ದರ ಹೇಳಿದಾಗ ಹಿಡಿಸದಿದ್ದರೆ ಸಾಹುಕಾರ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಮುಖ ಮುರಿದಂತೆ. ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ಚಹಾ ತರಿಸುತ್ತಾನೆ, ಮಳೆಯ ಮಾತು ತೆಗೆಯುತ್ತಾನೆ. ಅಲ್ಲಿಗೆ ಆ ದರ ಸತ್ತಿತು. ಅದನ್ನು ಇನ್ನೊಮ್ಮೆ ಎತ್ತುವವನಿಗೆ ಮಾರ್ಕೆಟ್ಟಿನಲ್ಲಿ ಮರ್ಯಾದೆ ಇಲ್ಲ. ನಾನೂ ಹತ್ತಿಯ ಮನೆಯವಳು, ಮಗಳೂ ಹತ್ತಿಯ ಮನೆಯವಳು. ದನಿ ಏರಿಸಿದ ಆ ಕೈಯನ್ನು ನೋಡಿ ಇಬ್ಬರಿಗೂ ಉತ್ತರ ಸಿಕ್ಕಿತು. ಆದೋನಿ ಬರುವ ತನಕ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಅಂದಿನಿಂದ ಅವಳು ತಂದೆಯ ಜೊತೆ ಮಾತು ಬಿಟ್ಟಳು. ನಾನೂ ಬಿಟ್ಟೆ. ಹೆತ್ತ ಮಗಳು ಬಾಯಿಬಿಟ್ಟು ಹೇಳಿಕೊಂಡರೆ ಹಾಡಿನ ಸದ್ದು ಏರಿಸುವ ಗಂಡಸಿನ ಜೊತೆ ಏನು ಮಾತು ಎಂದು ನನಗೆ ಮೈಯೆಲ್ಲ ಉರಿ. ತಟ್ಟೆಯನ್ನು ಸದ್ದು ಮಾಡಿಯೇ ಇಡುತ್ತಿದ್ದೆ. ಆದರೆ ನಮ್ಮ ಮನೆ ಕೈಸನ್ನೆಯಲ್ಲೇ ನಡೆಯುವ ಮನೆಯಲ್ಲವೇ? ಅವರು ಸಾಕು ಎಂದು ಕೈ ಅಡ್ಡ ಹಿಡಿಯುವರು, ನಾನು ಬಡಿಸುವುದು ನಿಲ್ಲಿಸುವೆ. ಊಟ, ಚಹಾ, ಬೀಗದ ಕೈ ಎಲ್ಲವೂ ಮೊದಲಿನಂತೆ ಸಾಗಿತು. ಇಬ್ಬರು ಹೆಂಗಸರು ಮುನಿಸಿಕೊಂಡಿದ್ದಾರೆ ಎಂಬುದು ಆ ಮಹಾರಾಯರಿಗೆ ಗೊತ್ತೇ ಆಗಲಿಲ್ಲ. ಮುನಿಸಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಅಷ್ಟರಲ್ಲಿ ಎಮ್ಮಿಗನೂರಿನವರು ಫೋನ್ ಮಾಡಿ ನಿಶ್ಚಿತಾರ್ಥದ ದಿನ ಗೊತ್ತುಮಾಡಿದರು. ಮಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಶಾಲೆಗೆ ಹೋಗುವಳು, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವಳು. ಅವಳ ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು.

ಇಂಥ ಹೊತ್ತಿನಲ್ಲಿ ಮೂರನೆಯ ಆಂಪ್ಲಿಫೈಯರ್ ಬಂತು. ನಿಶ್ಚಿತಾರ್ಥಕ್ಕೆ ಬೀಗರನ್ನು ಈ ಕಾರಿನಲ್ಲೇ ಕರೆತರಬೇಕಲ್ಲ, ಸೌಂಡ್ ಸರಿ ಇರಬೇಡವೇ ಎಂಬುದು ಇವರ ವಾದ. ಸೀರೆ ಕೊಳ್ಳಲು ನಾನೂ ಬಳ್ಳಾರಿಗೆ ಹೋಗಲೇಬೇಕಿತ್ತು. ಅಂಗಡಿಯವನು ಪೆಟ್ಟಿಗೆ ಕೂಡಿಸಿ, ತಂತಿ ಜೋಡಿಸಿ, ಯಜಮಾನರನ್ನು ಸ್ಟಿಯರಿಂಗ್ ಹಿಂದೆ ಕೂರಿಸಿದ. ನಾನು ಹಿಂದಿನ ಸೀಟಿನಲ್ಲಿ ಸೀರೆಯ ಚೀಲ ಹಿಡಿದು ಕೂತೆ. "ಸ್ಪೀಕರ್ ಎಲ್ಲಾ ಸರಿ ಅದಾವೇನು ನೋಡೂಣ್ರಿ. ಒಂದು ಸೀಟಿ ಬರತೈತಿ, ದಪ್ಪ ದನಿಯಿಂದ ಸಣ್ಣ ದನಿತನ ಏರಕೋಂತ ಹೋಗತೈತಿ," ಎಂದು ಅವನು ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಮೊದಲು ನೆಲ ನಡುಗಿಸುವಂಥ ಸದ್ದು ಬಂತು. ಇವರು ತಲೆಯಾಡಿಸಿದರು. ಸದ್ದು ತೆಳ್ಳಗಾಗುತ್ತ ಮೇಲೇರಿತು. ಇವರ ತಲೆ ನಿಂತಿತು. ಅದು ಇನ್ನೂ ಏರಿ, ತಲೆಯೊಳಗೆ ಸೂಜಿ ಹಾಯುವಂತಾಗಿ, ನಾನು ಚೀಲ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡೆ. ಅಂಗಡಿಯ ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಆಗ ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ ಶಾಂತವಾಗಿ ಕೇಳಿದರು: "ನಿಂತಬಿಡ್ತಲ್ಲಪ್ಪಾ. ಉಳಿದದ್ದು ಯಾವಾಗ ಹಚ್ಚತೀ?"

ಸೀಟಿ ಆಗಲೂ ಕೂಗುತ್ತಿತ್ತು.

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸೇಟ್ ಬಹುತ್ ಮಜಾಕ್ ಕರತೇ," ಎಂದ. ನನಗೆ ನಗು ಬರಲಿಲ್ಲ. ಯಜಮಾನರು ಜೋಕು ಮಾಡುವಾಗ ಅವರ ಎಡ ಹುಬ್ಬು ಏರುತ್ತದೆ, ಆಗ ಏರಿರಲಿಲ್ಲ. ಮಾಸ್ಕ್ ಹಾಕುತ್ತಿದ್ದ ಆ ರೋಗದ ವರ್ಷಗಳು ನೆನಪಾದವು. "ಮುಖಕ್ಕ ಅರಿವಿ ಕಟಕೊಂಡು ಏನ್ ಗುಣುಗುಣು ಅಂತೀರಿ," ಎಂದು ಅವರು ಎಲ್ಲರ ಮೇಲೂ ರೇಗುತ್ತಿದ್ದರು, ನಾವು ನಗುತ್ತಿದ್ದೆವು. ಕಾರಿನಲ್ಲಿ ನಾನು ಏನು ಹೇಳಿದರೂ "ಹೂಂ" ಎನ್ನುತ್ತಿದ್ದದ್ದು ನೆನಪಾಯಿತು. ಮನೆಯಲ್ಲಿ ಅವರು ಎಲ್ಲರ ಮುಖ ನೋಡುತ್ತಾರೆ. ಕಾರಿನಲ್ಲಿ ರಸ್ತೆ ನೋಡುತ್ತಾರೆ.

ವಾಪಸು ಬರುವಾಗ ಅವರ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಆಲೂರು ದಾಟಿದ ಮೇಲೆ ಸೆಟ್ಟಿನ ದನಿ ಇಳಿಸಿದೆ. ಕಿಟಕಿಯ ಕಡೆ ಮುಖ ಮಾಡಿಕೊಂಡು, ಎಂದಿನ ದನಿಯಲ್ಲಿ, "ಮಗಳು ಈ ಲಗ್ನ ಬ್ಯಾಡ ಅಂದಾಳ್ರಿ," ಎಂದೆ.

"ಹೂಂ," ಎಂದರು. ಸ್ವಲ್ಪ ತಡೆದು, "ಈ ಸಲ ಪರವಾಗಿಲ್ಲ. ದುಡ್ಡು ಕೊಟ್ಟಿದ್ದಕ್ಕ ಫರಕ್ ಐತಿ," ಎಂದರು.

ನನಗೆ ಅಳು ಬಂತು. ಅಳುವುದನ್ನಾದರೂ ನೋಡಲಿ ಎಂದು ಅವರ ಕಣ್ಣ ಮುಂದೆ ಎರಡು ಮಣಿಕಟ್ಟು ಅಡ್ಡ ಹಿಡಿದೆ. ಯಂತ್ರ ನಿಲ್ಲಿಸುವ ಸನ್ನೆ ಅದು. ಅದಕ್ಕೆ ಅವರ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಹತ್ತಿ ಹೊಲದ ಪಕ್ಕ ಕಾರು ನಿಂತಿತು. ಅವರ ಗದ್ದ ಹಿಡಿದು ನನ್ನ ಕಡೆ ತಿರುಗಿಸಿ ಅದೇ ಮಾತು ಹೇಳಿದೆ.

"ಯಾವಾಗ ಅಂದ್ಲು?"

"ಪತ್ತಿಕೊಂಡದಿಂದ ಬರಬೇಕಾದ್ರ. ಇದ ಕಾರಿನ್ಯಾಗ. ನಿಮ್ಮ ಬೆನ್ನಹಿಂದ ಕುಂತು ಹೇಳಿದ್ಲು."

"ಮತ್ತ ನಾ ಏನಂದೆ?"

"ಸೌಂಡ್ ಏರಿಸಿದ್ರಿ."

ಮೊದಲು ಅವರು ನನ್ನ ಮೇಲೆ ಹರಿಹಾಯ್ದರು. ಊರಿಗೆ ಊರೇ ನನ್ನ ಕಿವಿ ಹೊಗಳುತ್ತದೆ, ನಿನಗೆ ನಾನು ಕಿವುಡನೇ ಎಂದು ಕೂಗಾಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಮ್ಮ ಮಗಳ ಹೆಸರು ಹೇಳಿದೆ. ಆಮೇಲೆ ಅವರ ತಾಯಿಯ ಹೆಸರು ಹೇಳಿದೆ. ಅವರು ನನ್ನ ಸೆರಗನ್ನೇ ನೋಡುತ್ತಿದ್ದರು. ಏನೋ ಹೇಳುತ್ತಿದ್ದೇನೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಕೂಗಾಟ ಅಲ್ಲಿಗೆ ನಿಂತಿತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ, ಪಾಪ ಎನಿಸಿತು.

ಮನೆಗೆ ಬಂದು, ಅಂದಿನ ಮಾತು ಅಪ್ಪನಿಗೆ ಕೇಳಿಸಿಯೇ ಇರಲಿಲ್ಲ ಎಂದರೆ ಮಗಳು ನಂಬಲಿಲ್ಲ. "ಅಪ್ಪನ್ನ ಉಳಸಾಕ ಸುಳ್ಳು ಹೇಳಬ್ಯಾಡವ್ವಾ," ಎಂದಳು. ಯಜಮಾನರು ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಅವತ್ತು ಅಂದದ್ದು ಈಗ ಅನ್ನು. ನನ್ನ ಮುಖ ನೋಡಿ ಅನ್ನು," ಎಂದರು. ಎದುರು ನಿಂತು ಹೇಳುವ ಧೈರ್ಯ ಸಾಲದೆಯೇ ಅವಳು ಅಂದು ಹಿಂದಿನ ಸೀಟಿನಿಂದ ಹೇಳಿದ್ದು. ಈಗ ಒಂದಕ್ಷರ ಬಿಡದೆ ಹೇಳಿದಳು. ಅವರು ಕಣ್ಣರೆಪ್ಪೆ ಬಡಿಯದೆ ಅವಳ ಬಾಯಿ ನೋಡಿದರು. "ಬ್ಯಾಡ ಅಂದ್ರ ಬ್ಯಾಡ," ಎಂದರು. "ಇಷ್ಟು ದಿನ ನಿನ್ನ ಮಾತಿಗೆ ನಾ ಒಲ್ಲೆ ಅಂದೀನಿ ಅಂತ ತಿಳದಿದ್ದೇನವ್ವಾ?" ಅವಳು ಆಗ ಅತ್ತಳು. ನೌಕರಿಯ ಪರೀಕ್ಷೆ ತಪ್ಪಿದಾಗ ಅಳದವಳು.

ಕರ್ನೂಲಿನ ಕಿವಿ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ದಪ್ಪ ದನಿ ಕೇಳಿಸುತ್ತದೆ, ಸಣ್ಣ ದನಿ ಹೋಗಿದೆ, ಮಾತನ್ನು ಬಿಡಿಸಿ ಕೊಡುವುದು ಆ ಸಣ್ಣ ದನಿಯೇ, ಯಂತ್ರದ ಸದ್ದಿನಲ್ಲಿ ಬಾಳಿದವರಿಗೆ ಹೀಗಾಗುತ್ತದೆ ಎಂದರು. ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು. ಅದಕ್ಕೆ ಇವರು ಒಪ್ಪಿಕೊಂಡದ್ದು ತಿಂಗಳುಗಟ್ಟಲೆ ಜಗಳವಾದ ಮೇಲೆ. ಆಂಪ್ಲಿಫೈಯರಿನ ಬಗ್ಗೆ ಕೇಳುವವರಿಗೆ ಈಗ ನನ್ನ ಪೂರ್ತಿ ಉತ್ತರ ಇದು: ಮೊದಲ ಎರಡು ದಂಡ, ಮೂರನೆಯದು ಕೊಟ್ಟ ದುಡ್ಡಿಗೆ ಸಲ್ಲುತ್ತದೆ. ಆ ಸೀಟಿ ಅಷ್ಟು ಸ್ವಚ್ಛವಾಗಿ ಬರದಿದ್ದರೆ ನನ್ನ ಮಗಳು ಇಷ್ಟು ಹೊತ್ತಿಗೆ ಎಮ್ಮಿಗನೂರಿನಲ್ಲಿ ಇರುತ್ತಿದ್ದಳು. ಕೇಳಿದವರು ತಮ್ಮ ಕಾರಿಗೆ ಹಾಕಿಸುವ ಮೊದಲು ಕಿವಿ ತೋರಿಸಿಕೊಳ್ಳುವುದು ಒಳ್ಳೆಯದು.

ಆದರೆ ಕಿವಿಯ ಯಂತ್ರ ಬರುವ ಮೊದಲೇ, ಮಗಳು ಎದುರಿಗೆ ಹೇಳಿದ ವಾರದಲ್ಲೇ, ಸಂಬಂಧ ಬೇಡವೆಂದು ಹೇಳಲು ನಾವಿಬ್ಬರೂ ಎಮ್ಮಿಗನೂರಿಗೆ ಹೋಗಬೇಕಾಯಿತು. ದಾರಿಯಲ್ಲಿ ಕಾರು ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು, ನಾನು ಅವರಿಗೆ ಹೇಳಿಕೊಟ್ಟಿದ್ದೆ: ಜಾತಕ ಕೂಡಲಿಲ್ಲ ಎನ್ನಿ, ಸ್ವಾಮಿಗಳು ಬೇಡ ಎಂದರು ಎನ್ನಿ, ಕಿವಿಯ ಮಾತು ಮಾತ್ರ ಎತ್ತಬೇಡಿ. ಹತ್ತಿ ವ್ಯಾಪಾರಿಗೆ ಕಿವುಡು ಎಂದು ಗೊತ್ತಾದರೆ ನಾಳೆ ದಲ್ಲಾಳಿಗಳು ಬೆನ್ನ ಹಿಂದೆಯೇ ದರ ಕೂಗುತ್ತಾರೆ. "ಸರೇ," ಎಂದು ತಲೆಯಾಡಿಸಿದ್ದರು.

ಅಲ್ಲಿ ಪಡಸಾಲೆಯಲ್ಲಿ ಹುಡುಗನ ತಂದೆ, ಅವರ ಇಬ್ಬರು ತಮ್ಮಂದಿರು, ಮಾರ್ಕೆಟ್ಟಿನ ಇನ್ನೂ ಕೆಲವರು ಕೂತಿದ್ದರು. ಚಹಾ ಬಂತು. ಯಜಮಾನರು ಲೋಟ ಮುಟ್ಟಲಿಲ್ಲ.

"ತಪ್ಪು ನಂದ್ರಿ," ಎಂದರು. "ನನ್ನ ಮಗಳು ಮೊದಲ ಬ್ಯಾಡ ಅಂದಿದ್ಲು. ನನಗ ಕೇಳಿಸಲಿಲ್ಲ. ನನಗ ಕಿವಿ ಕೇಳಂಗಿಲ್ರಿ."

ಹುಡುಗನ ತಂದೆ ಚಹಾ ಲೋಟ ಕೆಳಗಿಟ್ಟು, ತಮ್ಮನ ಕಡೆ ತಿರುಗಿ, ಮೆಲ್ಲಗೆ ಒಂದು ಮಾತು ಅಂದರು. ಅದು ಒಳ್ಳೆಯ ಮಾತಾಗಿರಲಿಲ್ಲ. ಯಜಮಾನರು ಅವರ ಕತ್ತಿನ ಹಿಂಭಾಗವನ್ನೇ ನೋಡಿದರು. ಎಂದಿನಂತೆ ಹೂಂ ಎನ್ನುತ್ತಾರೆ ಎಂದುಕೊಂಡೆ. ಅವರು ಅಷ್ಟು ಜನರ ಎದುರು ನನ್ನ ಕಡೆ ತಿರುಗಿದರು.

"ಏನಂದ್ರು?" ಎಂದು ಕೇಳಿದರು.

ನಮ್ಮ ಮದುವೆಯಾದಂದಿನಿಂದ ಆ ಪ್ರಶ್ನೆಯನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ಹುಡುಗನ ತಂದೆ ಅಂದ ಮಾತನ್ನು ಮೆದು ಮಾಡದೆ, ಇದ್ದದ್ದು ಇದ್ದಂತೆ, ಯಜಮಾನರ ಮುಖ ನೋಡಿಕೊಂಡು ಹೇಳಿದೆ.